ಹೊರಡುವುದಕ್ಕೆ ಮುಂಚಿನ ಹದಿನೈದು ನಿಮಿಷ

14 ಮಾರ್ಚ್ 2025, ಶುಕ್ರವಾರ, ರಾತ್ರಿ

ಭಾವ ಫೋನ್ ಮಾಡಿದ್ದರು. ತೆಗೆಯುವ ಮನಸ್ಸೇ ಇರಲಿಲ್ಲ, ಅಷ್ಟು ಸುಸ್ತಾಗಿತ್ತು. ತೆಗೆದರೆ ಹಲೋ ಕೂಡ ಇಲ್ಲ, ನೇರ ವಿಷಯಕ್ಕೇ ಬಂದರು. "ಫೋಟೋ ಕಳಿಸಿದೀನಿ. ಬಲಗಡೆ ಇರೋ ಸಣ್ಣ ಡಯಲ್ ನೋಡು."

ವಾಚು. ಭಾವ ಕಳಿಸುವ ಫೋಟೋ ಅಂದ ಮೇಲೆ ಇನ್ನೇನಿರುತ್ತೆ. ಈ ಸಲದ್ದು 1968ರ ಹ್ಯೂಯರ್ ಕರೆರಾ ಸ್ಕಿಪ್ಪರ್. ಕಡುನೀಲಿ ಡಯಲ್, ಅದರ ಬಲಕ್ಕೆ ಒಂದು ಪುಟ್ಟ ವೃತ್ತ. ಆ ವೃತ್ತವನ್ನು ಮೂರು ಪಾಲು ಮಾಡಿ ಮೂರು ಬಣ್ಣ ತುಂಬಿದ್ದಾರೆ. ಒಂದು ನೀಲಿ ಬೆರೆತ ಹಸಿರು, ಒಂದು ಬರೀ ಹಸಿರು, ಒಂದು ಕಿತ್ತಳೆ. ಮಕ್ಕಳ ಆಟದ ಸಾಮಾನಿನ ಬಣ್ಣ! ಇದು ಕೋಟ್ಯಧೀಶರ ಕೈಗೆ ಹೋಗೋ ವಾಚಾ ಅಂದೆ. ಭಾವನಿಗೆ ಬೇಜಾರಾಯ್ತು.

ಕತೆ ಅವರ ಬಾಯಲ್ಲೇ ಕೇಳಬೇಕು. 1967ರಲ್ಲಿ ಅಮೆರಿಕದ ನ್ಯೂಪೋರ್ಟ್ ಹತ್ತಿರದ ಸಮುದ್ರದಲ್ಲಿ ಅಮೆರಿಕಾಸ್ ಕಪ್ ಅನ್ನೋ ಹಾಯಿದೋಣಿ ರೇಸ್ ನಡೆಯಿತು. ಇಂಟ್ರೆಪಿಡ್ ಅನ್ನೋ ಮರದ ಹಾಯಿದೋಣಿ ಆಸ್ಟ್ರೇಲಿಯಾದ ಡೇಮ್ ಪ್ಯಾಟಿಯನ್ನು 4-0 ಅಂತರದಲ್ಲಿ ಸೋಲಿಸಿತು. ಇಂಟ್ರೆಪಿಡ್‌ನ ತೂಕ ಆದಷ್ಟು ಕೆಳಗಿರಲಿ ಅಂತ ಹಗ್ಗ ಎಳೆಯುವ ರಾಟೆಗಳನ್ನೇ ಡೆಕ್ಕಿನ, ಅಂದರೆ ದೋಣಿಯ ಮೇಲಿನ ನೆಲದ, ಅಡಿಗೆ ಇಳಿಸಿದ್ದರಂತೆ. ಅಂದರೆ ಕೆಲವರು ಇಡೀ ರೇಸನ್ನು ಸಮುದ್ರವನ್ನೇ ನೋಡದೆ ಮುಗಿಸಿದ್ದಾರೆ ಪಾಪ. ಅದರ ತಂಡದ ಕೈಯಲ್ಲಿದ್ದದ್ದು ಹ್ಯೂಯರ್ ಕಂಪನಿಯ ಗಡಿಯಾರಗಳು. ಆ ಗೆಲುವಿನ ಖುಷಿಗೆ ಮರುವರ್ಷವೇ ಸ್ಕಿಪ್ಪರ್ ಬಂತು. ಬಣ್ಣಗಳೂ ಆ ದೋಣಿಯಿಂದಲೇ ಬಂದಿದ್ದು, ನೀಲಿ ಬೆರೆತ ಹಸಿರು ಅದರ ಡೆಕ್ಕಿನದು.

"ಮೂರು ಪಾಲು ಯಾಕೆ ಭಾವ?"

ಕೇಳಬಾರದಿತ್ತೇನೋ. ಆದರೆ ಈಗ ಬರೀತಾ ಕೂತಿರೋದು ಅದಕ್ಕೇ.

ಹಾಯಿದೋಣಿಗೆ ಬ್ರೇಕ್ ಇಲ್ಲ ನೋಡಿ. ಓಟಗಾರರ ಹಾಗೆ ಗೆರೆ ಮೇಲೆ ಬೆರಳೂರಿ ಕಾಯೋಕಾಗಲ್ಲ. ಗೆರೆಯೂ ನೀರಿನ ಮೇಲೆ ಎಳೆದದ್ದಲ್ಲ, ತೀರ್ಪುಗಾರರ ದೋಣಿಗೂ ಒಂದು ತೇಲುಬುರುಡೆಗೂ ಮಧ್ಯೆ ಇದೆ ಅಂದುಕೊಳ್ಳಬೇಕು ಅಷ್ಟೆ. ಗಾಳಿ ಬೀಸುತ್ತಲೇ ಇರುತ್ತದೆ, ಎಲ್ಲರೂ ಆ ಗೆರೆಯ ಹಿಂದೆ ಸುತ್ತು ಹಾಕುತ್ತಾ, ಒಬ್ಬರ ಗಾಳಿ ಒಬ್ಬರು ಕಸಿಯುತ್ತಾ, ಬಾವುಟ ಇಳಿಯುವ ಕ್ಷಣಕ್ಕೆ ಸರಿಯಾಗಿ ಪೂರ್ತಿ ವೇಗದಲ್ಲಿ ಗೆರೆ ಮುಟ್ಟುವ ಹಾಗೆ ಲೆಕ್ಕ ಹಾಕುತ್ತಿರುತ್ತಾರೆ. ಒಂದು ಸೆಕೆಂಡ್ ಮುಂಚೆ ದಾಟಿದರೂ ವಾಪಸ್ ಬಂದು ಮತ್ತೆ ಶುರು ಮಾಡಬೇಕು. ತಡವಾದರೆ ಮುಂದಿನವರ ಹಾಯಿಯ ಮರೆಯಲ್ಲಿ ಕೆಟ್ಟ ಗಾಳಿ ತಿನ್ನಬೇಕು.

ಈಗಿನ ನಿಯಮದಲ್ಲಿ ಐದು ನಿಮಿಷ ಇದ್ದಾಗ ಒಂದು ಬಾವುಟ ಏರುತ್ತದೆ, ನಾಲ್ಕಿದ್ದಾಗ ಇನ್ನೊಂದು. ಒಂದು ನಿಮಿಷ ಇದ್ದಾಗ ಆ ಎರಡನೆಯದು ಇಳಿಯುತ್ತದೆ, ಮೊದಲನೆಯದು ಇಳಿದರೆ ರೇಸ್ ಶುರು. ಜೊತೆಗೆ ಸದ್ದೂ ಮಾಡುತ್ತಾರೆ, ಆದರೆ ಲೆಕ್ಕಕ್ಕೆ ಬರೋದು ಬಾವುಟ ಮಾತ್ರ. ಸದ್ದು ಸುಮಾರು 340 ಮೀಟರ್ ಬರೋಕೆ ಒಂದು ಸೆಕೆಂಡ್ ತಗೊಳ್ಳುತ್ತೆ, ದೂರದಲ್ಲಿರುವವನಿಗೆ ಅನ್ಯಾಯ ಅಲ್ವಾ. ಸ್ಕಿಪ್ಪರಿನದು ಹಳೆಯ ಲೆಕ್ಕ. ಐದೈದು ನಿಮಿಷದ ಮೂರು ಕಂತು, ಒಟ್ಟು ಹದಿನೈದು. ನೀರು ಎರಚುತ್ತಿರುವಾಗ ಅಂಕಿ ಓದುವಷ್ಟು ಪುರುಸೊತ್ತು ಯಾರಿಗಿದೆ? ಮುಳ್ಳು ಯಾವ ಬಣ್ಣದಲ್ಲಿದೆ ಅಂತ ಕಂಡರೆ ಸಾಕು.

ಅಂದರೆ ಆ ಪುಟ್ಟ ವೃತ್ತ ಇರುವುದೇ ರೇಸ್ ಶುರುವಾಗುವ ಮುಂಚಿನ ಹೊತ್ತಿಗೆ! ಬಾವುಟ ಇಳಿಯಿತು ಅಂದರೆ ಅದರ ಕೆಲಸ ಮುಗೀತು. ನನಗೆ ಇದು ಸಿಕ್ಕಾಪಟ್ಟೆ ಹಿಡಿಸಿತು. ಗೆದ್ದ ಸಮಯ ಅಳೆಯೋಕೆ ಲೋಕದ ತುಂಬಾ ಗಡಿಯಾರಗಳಿವೆ, ಕಾಯುವ ಹೊತ್ತಿಗೆ ಅಂತಲೇ ಬಣ್ಣ ಬಳಿದದ್ದು ಎಲ್ಲಿದೆ?

"ಇದೆಯಲ್ಲ, ರೋಲೆಕ್ಸ್‌ನವರದ್ದು," ಅಂದರು ಭಾವ. 2007ರ ಯಾಟ್ ಮಾಸ್ಟರ್ 2. ಒಂದರಿಂದ ಹತ್ತು ನಿಮಿಷದವರೆಗೆ ಎಷ್ಟು ಬೇಕೋ ಅಷ್ಟು ಇಟ್ಟುಕೊಳ್ಳಬಹುದು, ಇಟ್ಟದ್ದನ್ನು ಬ್ಯಾಟರಿ ಇಲ್ಲದೆ ಬರೀ ಹಲ್ಲುಚಕ್ರಗಳೇ ನೆನಪಿಟ್ಟುಕೊಳ್ಳುತ್ತವೆ. ಸರಿ, ಅದೂ ಜಾಣತನವೇ. ಆದರೆ ನೋಡೋಕೆ ಆ ವಾಚು ಕೂಗಾಡುತ್ತಿರುವ ಹಾಗಿದೆ. ನನ್ನ ವೋಟು ಹಳೆಯದಕ್ಕೇ. 36 ಮಿಲಿಮೀಟರ್, ಕೀ ಕೊಡಬೇಕು, ಅಷ್ಟೇ.

"ಈ ಹಳೇ ಸ್ಕಿಪ್ಪರ್‌ಗಳನ್ನ ಅಷ್ಟು ಕಮ್ಮಿ ಯಾಕೆ ಮಾಡಿದ್ರು?" ಅಂದೆ. "ಹಾಯಿದೋಣಿ ರೇಸ್ ಮಾಡೋ ಜನ ಎಷ್ಟಿರ್ತಾರೆ? ಯಾರಿಗೂ ಬೇಡವಾಗಿದ್ದಕ್ಕೇ ಈಗ ಎಲ್ರಿಗೂ ಬೇಕಾಗಿದೆ," ಅಂದರು ಭಾವ. 2017ರಲ್ಲಿ ಇದೇ ಬಣ್ಣಗಳಲ್ಲಿ ಬರೀ 125 ವಾಚು ಮಾಡಿದ್ದರು, 2023ರಲ್ಲಿ ಮತ್ತೆ ತಂದರು. ಹಳೆಯವು ಲಾಕರಿನಲ್ಲಿ ಮಲಗಿವೆ. ಒಂದು ಹನಿ ಉಪ್ಪುನೀರು ತಾಗಿದರೆ ಬೆಲೆ ಬಿದ್ದುಹೋಗುತ್ತೆ ಅಂತ ಭಯ. ಸಮುದ್ರಕ್ಕೆ ಅಂತ ಹುಟ್ಟಿದ ವಸ್ತುವಿಗೆ ಈ ಗತಿ! ನಿಜವಾಗಿ ರೇಸ್ ಮಾಡುವವರ ಕೈಯಲ್ಲಿ ಈಗ ಪ್ಲಾಸ್ಟಿಕ್ ಡಿಜಿಟಲ್ ವಾಚು, ದೊಡ್ಡ ದೋಣಿಗಳಲ್ಲಿ ಗೆರೆ ಮುಟ್ಟಲು ಎಷ್ಟು ಸೆಕೆಂಡ್ ಇದೆ ಅಂತ ಜಿಪಿಎಸ್ ಪರದೆಯೇ ಹೇಳಿಬಿಡುತ್ತದೆ.

ಫೋನ್ ಇಟ್ಟ ಮೇಲೆ ಹೊಳೆಯಿತು. ಅಕ್ಕನ ವಿಷಯ ಒಂದು ಮಾತೂ ಆಡಲಿಲ್ಲ. ಸೋಮವಾರ ರಿಪೋರ್ಟ್ ಬರುತ್ತೆ, ಇಬ್ಬರಿಗೂ ಗೊತ್ತು. ಭಾವ ವಾಚಿನ ಬಗ್ಗೆ ಜಾಸ್ತಿ ಮಾತಾಡೋದೇ ಬೇರೆ ಏನೋ ತಲೆ ತಿನ್ನುವಾಗ. ಅಪ್ಪನ ಆಪರೇಷನ್ ದಿನ ಬೆಳಗ್ಗೆಯಿಂದ ಸ್ಪ್ರಿಂಗ್ ಬಗ್ಗೆ ಪಾಠ ಮಾಡಿದ್ದರು, ನಾನು ಬೈದಿದ್ದೆ.

ಸೋಮವಾರ ನಾನೂ ಹೋಗಲಾ ಅಂತ. ಅಕ್ಕ ಸುಮ್ನೆ ಯಾಕೆ ಬರ್ತೀಯ ಅಂತಾಳೆ, ಅವಳಿಗೇನೂ ಆಗಲ್ಲ, ಗಟ್ಟಿಗಿತ್ತಿ. ಆದರೆ ಹೊರಗಡೆ ಕುರ್ಚಿಯಲ್ಲಿ ಭಾವ ಒಬ್ಬರೇ ಕೂತು, ಪಕ್ಕದವರು ಯಾರಿಗೋ ಇಂಟ್ರೆಪಿಡ್ ಕತೆ ಶುರು ಮಾಡಿದರೆ