‘ಲ್ಯಾಟಿನೋಗಳು ಅವನಿಗೇ ಯಾಕೆ ಓಟು ಹಾಕಿದ್ದು?’

ಊರಿಗೆ ಹೋದರೆ ಮೊದಲ ಪ್ರಶ್ನೆ ‘ಯಾವಾಗ ಬಂದದ್ದು’, ಎರಡನೆಯದು ‘ಯಾವಾಗ ಹೋಗುವುದು’. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ. ಉಡುಪಿಯಲ್ಲಿ ಸೋದರಮಾವ ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದರು: “ಅಲ್ಲ ಮಾರಾಯ್ತಿ, ಗೋಡೆ ಕಟ್ಟುತ್ತೇನೆ, ಓಡಿಸುತ್ತೇನೆ ಅಂತ ಬಾಯಿಬಿಟ್ಟು ಹೇಳಿದ ಟ್ರಂಪ್‌ಗೇ ಆ ಮೆಕ್ಸಿಕೋದವರೆಲ್ಲ ಓಟು ಹಾಕಿದ್ದಲ್ವಾ? ಅವರಿಗೆ ತಲೆ ಸರಿ ಉಂಟಾ?”

ನಾನು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ 14 ವರ್ಷದಿಂದ ಇದ್ದೇನೆ. ನಮ್ಮ ಬೀದಿಯಲ್ಲಿ ನಮ್ಮದೂ ಇನ್ನೊಂದೂ ಬಿಟ್ಟರೆ ಮಿಕ್ಕವೆಲ್ಲ ಲ್ಯಾಟಿನೋ ಮನೆಗಳು, ಅಂದರೆ ಮೆಕ್ಸಿಕೋ, ಕ್ಯೂಬಾದಂಥ ಲ್ಯಾಟಿನ್ ಅಮೆರಿಕದ ನಾಡುಗಳ ಮೂಲದವರದ್ದು. ಹಾಗಾಗಿ ಅವರ ಪರ ವಕಾಲತ್ತು ನನ್ನ ತಲೆಗೇ ಬಂದಿದೆ.

ಮೊದಲು ಆ ‘ಎಲ್ಲ’ ಅನ್ನುವ ಮಾತನ್ನು ಬಿಡಬೇಕು. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಲ್ಲಿ 2020ರಲ್ಲಿ ಟ್ರಂಪ್‌ಗೆ ಬಿದ್ದ ಲ್ಯಾಟಿನೋ ಓಟು ಶೇ 36. 2024ರಲ್ಲಿ ಅದು ಶೇ 48ಕ್ಕೆ ಏರಿತು. ಆಗಲೂ ಎದುರಾಳಿ ಕಮಲಾ ಹ್ಯಾರಿಸ್‌ಗೆ ಸ್ವಲ್ಪ ಜಾಸ್ತಿಯೇ, ಶೇ 51. ಏರಿದ್ದು ದೊಡ್ಡ ಸುದ್ದಿ ಹೌದು. ಆದರೆ ಸುಮಾರು ಅರ್ಧ ಅರ್ಧ ಒಡೆದವರನ್ನು ಹಿಡಿದು ‘ಅವರು ಯಾಕೆ ಹೀಗೆ ಮಾಡಿದರು’ ಅಂತ ಕೇಳಿದರೆ ನಾನು ಯಾವ ಅರ್ಧಕ್ಕೆ ಉತ್ತರ ಹೇಳಲಿ?

ದೆಹಲಿಯಲ್ಲಿ ನಮ್ಮನ್ನೂ ತಮಿಳರನ್ನೂ ಮಲಯಾಳಿಗಳನ್ನೂ ಸೇರಿಸಿ ‘ಮದ್ರಾಸಿ’ ಅಂತ ಕರೆದಾಗ ನಮಗೆ ಮೈ ಉರಿಯುತ್ತದಲ್ಲ, ‘ಲ್ಯಾಟಿನೋ’ ಅನ್ನುವುದೂ ಹೆಚ್ಚು ಕಡಿಮೆ ಅಂಥದ್ದೇ ಪದ. ನಮ್ಮ ಬೀದಿಯ ಕೊನೆಯ ಮನೆಯಾತ ಪೋರ್ಟೊರಿಕೋದವರು, ಸೈನ್ಯದಿಂದ ನಿವೃತ್ತರಾದವರು. ಪೋರ್ಟೊರಿಕೋ ಅಮೆರಿಕದ ಆಡಳಿತದಲ್ಲಿರುವ, ಆದರೆ ರಾಜ್ಯವಲ್ಲದ ಕೆರಿಬಿಯನ್ ದ್ವೀಪ. ಅಲ್ಲಿಯವರು 1917ರಿಂದಲೇ ಅಮೆರಿಕದ ಪ್ರಜೆಗಳು. ಅವರಿಗೆ ವಲಸೆ ಅನ್ನುವ ಪ್ರಶ್ನೆಯೇ ಇಲ್ಲ. ಆದರೆ ಆ ದ್ವೀಪದಲ್ಲಿ ಇದ್ದಷ್ಟು ದಿನ ಅಧ್ಯಕ್ಷರ ಚುನಾವಣೆಯಲ್ಲಿ ಓಟಿಲ್ಲ. ಟೆಕ್ಸಸ್‌ಗೆ ಬಂದು ನೆಲೆಸಿದ ಮೇಲೆ ಅದೇ ಮನುಷ್ಯನಿಗೆ ಓಟು ಬಂತು! ಅವರ ಚಿಂತೆ ಏನಿದ್ದರೂ 2017ರ ಮರಿಯಾ ಚಂಡಮಾರುತ ಆದಮೇಲೆ ಊರಲ್ಲಿ ಸರಿಯಾಗಿ ನಿಲ್ಲದ ಕರೆಂಟಿನದ್ದು. ಅವರ ಅಕ್ಕ ಇನ್ನೂ ಅಲ್ಲೇ ಇದ್ದಾರೆ.

ಮಯಾಮಿಯ ಕ್ಯೂಬಾದವರದ್ದು ಇನ್ನೊಂದು ಕತೆ. 1966ರ ಒಂದು ಕಾನೂನಿನಿಂದ ಅವರಿಗೆ ಗ್ರೀನ್ ಕಾರ್ಡ್ ದಾರಿ ಬೇರೆಯವರಿಗಿಂತ ಎಷ್ಟೋ ಸಲೀಸಾಗಿತ್ತು. ಕಮ್ಯುನಿಸ್ಟ್ ನಾಯಕ ಕ್ಯಾಸ್ಟ್ರೋ ಕಾಲದಲ್ಲಿ ಅಂಗಡಿ, ಮನೆ ಕಳೆದುಕೊಂಡು ಬಂದವರ ಮುಂದೆ ‘ಸಮಾಜವಾದ’ ಅಂದು ನೋಡಿ, ಮುಖವೇ ಬದಲಾಗುತ್ತದೆ. ಮೆಕ್ಸಿಕನ್ ಮೂಲದ ಎಷ್ಟೋ ಮನೆತನಗಳಂತೂ ಗಡಿ ದಾಟಿ ಬಂದವರೇ ಅಲ್ಲ. ಮೆಕ್ಸಿಕೋ–ಅಮೆರಿಕ ಯುದ್ಧ ಮುಗಿಸಿದ 1848ರ ಒಪ್ಪಂದದಲ್ಲಿ ಗಡಿಯೇ ಅವರನ್ನು ದಾಟಿಕೊಂಡು ಮುಂದೆ ಹೋಯಿತು.

ಈಗ ಪಕ್ಕದ ಮನೆಗೆ ಬರುತ್ತೇನೆ. ಅಲ್ಲಿನ ಅಜ್ಜಿ ನನ್ನನ್ನು ಕರೆಯುವುದು ‘ಮಿಹಾ’ ಅಂತ, ನಮ್ಮ ‘ಮಗಳೇ’ ಇದ್ದ ಹಾಗೆ. ಪ್ರತಿ ಡಿಸೆಂಬರ್‌ನಲ್ಲಿ ಅವರ ಮನೆಯಲ್ಲಿ ತಮಾಲೆ ಮಾಡುವ ದಿನ. ನೆನೆಸಿದ ಮೆಕ್ಕೆಜೋಳದ ಸಿಪ್ಪೆಯ ನುಣುಪು ಬದಿಗೆ ಚಮಚದ ಬೆನ್ನಿನಿಂದ ಹಿಟ್ಟು ಸವರಬೇಕು. ಮೇಲಿನ ಕಾಲು ಭಾಗ ಖಾಲಿ ಬಿಡಬೇಕು. ಹೂರಣ ಇಟ್ಟು ಮಡಚಿ, ದೊಡ್ಡ ಪಾತ್ರೆಯಲ್ಲಿ ನೆಟ್ಟಗೆ ನಿಲ್ಲಿಸಿ ಹಬೆಯಲ್ಲಿ ಬೇಯಿಸಬೇಕು. ಅರಿಶಿನ ಎಲೆಯ ಕಡುಬು ಮಾಡಿ ಅಭ್ಯಾಸ ಇದ್ದದ್ದರಿಂದ ಮೊದಲ ವರ್ಷವೇ ನನಗೆ ಶಹಭಾಸ್‌ಗಿರಿ ಸಿಕ್ಕಿತ್ತು. ನನಗೋಸ್ಕರ ಹಂದಿ ಕೊಬ್ಬು ಹಾಕದ, ಬೀನ್ಸ್ ತುಂಬಿದ ಎರಡು ಡಜನ್ ಬೇರೆ.

2024ರ ಡಿಸೆಂಬರ್‌ನಲ್ಲಿ ಆ ಮೇಜಿನ ಸುತ್ತ ಎಂಟು ಜನ ಕೂತಿದ್ದೆವು. ದೊಡ್ಡ ಮಗ ಈಗಲ್ ಫೋರ್ಡ್‌ನ ಎಣ್ಣೆ ಬಾವಿಗಳಲ್ಲಿ ಕೆಲಸ ಮಾಡುವವರು. ಓಟು ಟ್ರಂಪ್‌ಗೆ. ಕಾರಣ ಕೇಳಿದರೆ “ಎಣ್ಣೆ ನಿಂತರೆ ನನ್ನ ಟ್ರಕ್ಕಿನ ಕಂತು ಯಾರು ಕಟ್ಟುತ್ತಾರೆ?” ಅಂದರು. ಅಮ್ಮನ ಕ್ಯಾಥೊಲಿಕ್ ಚರ್ಚು ಬಿಟ್ಟು ಇವ್ಯಾಂಜೆಲಿಕಲ್ ಚರ್ಚಿಗೆ ಹೋಗುವವರು, ಗರ್ಭಪಾತದ ವಿಷಯದಲ್ಲಿ ಕಟ್ಟುನಿಟ್ಟು. ಅವರ ಮಗಳು ನರ್ಸ್. ಆಕೆಯ ಓಟು ಹ್ಯಾರಿಸ್‌ಗೆ, ಅದೇ ಗರ್ಭಪಾತವನ್ನು ಬಹುಪಾಲು ನಿಷೇಧಿಸಿದ ಟೆಕ್ಸಸ್ ಕಾನೂನಿನ ಕಾರಣಕ್ಕೆ. ದೊಡ್ಡ ಮಗನ ಮಗ ಗಡಿಯ ಊರು ಲರೇಡೋದಲ್ಲಿ ಗಡಿ ಕಾವಲು ಪಡೆಯಲ್ಲಿದ್ದಾನೆ. ಇದನ್ನು ಕೇಳಿ ಮಾವ ಹುಬ್ಬೇರಿಸಿದರು. ಆದರೆ ಆ ಪಡೆಯಲ್ಲಿ ಸುಮಾರು ಅರ್ಧದಷ್ಟು ಜನ ಲ್ಯಾಟಿನೋಗಳೇ. ಗಡಿಯ ಊರುಗಳಲ್ಲಿ ಒಳ್ಳೆ ಸಂಬಳ, ಆರೋಗ್ಯ ವಿಮೆ ಇರುವ ಕೆಲಸ ಬೇರೆ ಯಾವುದಿದೆ?

ಅಜ್ಜಿಯ ಅಳಿಯ ಮನೆಗಳ ಮೇಲೆ ಛಾವಣಿ ಹೊದಿಸುವವರು. ಕಾಗದಪತ್ರ ಇಲ್ಲ. ಹೆಂಡತಿ ಅಮೆರಿಕದ ಪ್ರಜೆ, ಮಕ್ಕಳೂ ಪ್ರಜೆಗಳು. ‘ಹೆಂಡತಿ ಕಡೆಯಿಂದ ಗ್ರೀನ್ ಕಾರ್ಡ್ ಮಾಡಿಸಿಕೊಳ್ಳಬಹುದಲ್ಲ’ ಅಂತ ಎಲ್ಲರೂ ಸುಮ್ನೆ ಹೇಳಿಬಿಡುತ್ತಾರೆ. ವೀಸಾ ಇಲ್ಲದೆ ಗಡಿ ದಾಟಿದವರು ಸಾಮಾನ್ಯವಾಗಿ ದೇಶದ ಹೊರಗೆ ಹೋಗಿಯೇ ಅದನ್ನು ಮುಗಿಸಬೇಕು. ಕಾಗದಪತ್ರ ಇಲ್ಲದೆ ವರ್ಷಕ್ಕಿಂತ ಹೆಚ್ಚು ಇದ್ದವರು ಹೊರಗೆ ಕಾಲಿಟ್ಟರೆ 1996ರ ಕಾನೂನಿನ ಪ್ರಕಾರ 10 ವರ್ಷ ವಾಪಸ್ ಬರುವ ಹಾಗಿಲ್ಲ. ವಿನಾಯಿತಿ ಇದೆ, ಆದರೆ ಕೈಗೆ ಸುಲಭವಾಗಿ ಸಿಗುವುದಲ್ಲ. ಇಂಥ ಸಂಸಾರಗಳಿಗೆಂದೇ ಬೈಡನ್ ಸರ್ಕಾರ 2024ರ ಆಗಸ್ಟ್‌ನಲ್ಲಿ ದೇಶ ಬಿಡದೆಯೇ ಅದನ್ನು ಮಾಡಿಕೊಳ್ಳುವ ಒಂದು ದಾರಿ ತೆರೆದಿತ್ತು. ಚುನಾವಣೆ ಮುಗಿದ ವಾರವೇ ಟೆಕ್ಸಸ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ಅದನ್ನು ರದ್ದು ಮಾಡಿದರು. ತಮಾಲೆಯ ದಿನ ಅಳಿಯ ಮಾತಾಡಲಿಲ್ಲ. ಸಿಪ್ಪೆ ಒರೆಸಿ ಒರೆಸಿ ನನ್ನ ಕಡೆ ದಾಟಿಸುತ್ತಿದ್ದರು.

ತಮಾಷೆ ಅಂದರೆ, ಆ ಮೇಜಿನಲ್ಲಿ ಅತಿ ಜೋರು ಜಗಳ ಆದದ್ದು ವಲಸೆ ಬಗ್ಗೆ ಅಲ್ಲ. ಮೊಟ್ಟೆಯ ಬೆಲೆಗೆ, ಮನೆ ಬಾಡಿಗೆಗೆ. ನಮ್ಮ ಪತ್ರಿಕೆಗಳು ಇದನ್ನು ಬರೆಯುವುದು ಕಡಿಮೆ, ಲ್ಯಾಟಿನೋ ಅಂದ ಕೂಡಲೇ ಗೋಡೆಯ ಚಿತ್ರ ಹಾಕುತ್ತಾರೆ.

ವಲಸೆಯ ಮಾತು ಬಂದಾಗಲೂ ಅದು ಮಾವ ಅಂದುಕೊಂಡಂತೆ ಇರಲಿಲ್ಲ. ಅಜ್ಜಿಯ ತಮ್ಮ ಮೆಕ್ಸಿಕೋದಲ್ಲಿ ವೀಸಾ ಸಾಲಿನಲ್ಲಿ 20 ವರ್ಷಕ್ಕೂ ಮೇಲೆ ಕಾದಿದ್ದಾರೆ. ನ್ಯೂಯಾರ್ಕ್‌ನಲ್ಲಿ ಹೊಸದಾಗಿ ಬಂದವರನ್ನು ಹೋಟೆಲಿನಲ್ಲಿ ಇಟ್ಟರು ಅಂತ ಟಿವಿಯಲ್ಲಿ ನೋಡಿದ ಅಜ್ಜಿಗೆ ಸಿಟ್ಟು ನೆತ್ತಿಗೇರಿತ್ತು. ಇದನ್ನು ಕೇಳಿ ನಾನು ಆಶ್ಚರ್ಯಪಡುವ ಹಾಗಿಲ್ಲ. ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಿರುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲೂ ‘ನಾವು ಸರಿಯಾದ ದಾರಿಯಲ್ಲಿ ಬಂದವರು’ ಅನ್ನುವ ಮಾತು ವಾರಕ್ಕೊಮ್ಮೆ ಬರುತ್ತದೆ. ಅದೇ ಮಾತನ್ನು ಮೆಕ್ಸಿಕನ್ ಅಜ್ಜಿ ಹೇಳಿದರೆ ಮಾತ್ರ ಮಾವನಿಗೆ ತಲೆ ಕೆಟ್ಟ ಹಾಗೆ ಕಾಣುತ್ತದೆ.

ನಮ್ಮಲ್ಲಿಂದ ದಕ್ಷಿಣಕ್ಕೆ, ಗಡಿಗೆ ಅಂಟಿಕೊಂಡು ಸ್ಟಾರ್ ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿ ಹೆಚ್ಚು ಕಡಿಮೆ ಎಲ್ಲರೂ ಲ್ಯಾಟಿನೋಗಳೇ. 2016ರಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್‌ಗೆ ಅಲ್ಲಿ ಸುಮಾರು ಶೇ 79 ಓಟು. 2024ರಲ್ಲಿ ಅದೇ ಕೌಂಟಿಯನ್ನು ಟ್ರಂಪ್ ಗೆದ್ದರು. ಅಧ್ಯಕ್ಷರ ಚುನಾವಣೆಯಲ್ಲಿ ಅವರ ರಿಪಬ್ಲಿಕನ್ ಪಕ್ಷದವರೊಬ್ಬರು ಅಲ್ಲಿ ಗೆದ್ದದ್ದು 1892ರ ನಂತರ ಇದೇ ಮೊದಲು. ‘ಇವರು ನಮ್ಮವರೇ, ಎಲ್ಲಿಗೆ ಹೋಗುತ್ತಾರೆ’ ಅಂತ ಡೆಮಾಕ್ರಟಿಕ್ ಪಕ್ಷ ಎಷ್ಟೋ ವರ್ಷ ಆ ಕಡೆ ಸರಿಯಾಗಿ ತಲೆಯೇ ಹಾಕಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈಗ ರಿಪಬ್ಲಿಕನ್ನರೂ ಅದೇ ತಪ್ಪು ಮಾಡುತ್ತಿರುವಂತಿದೆ. ನ್ಯೂ ಜೆರ್ಸಿಯ ಪಸೇಯಿಕ್ ಕೌಂಟಿಯಲ್ಲಿ ಲ್ಯಾಟಿನೋಗಳು ಬಹಳ. 2024ರಲ್ಲಿ ಅದು ಟ್ರಂಪ್ ಕಡೆ ಹೋಗಿತ್ತು. 2025ರ ನವೆಂಬರ್‌ನಲ್ಲಿ ರಾಜ್ಯಪಾಲರ ಚುನಾವಣೆಯಲ್ಲಿ ಮತ್ತೆ ಡೆಮಾಕ್ರಟಿಕ್ ಕಡೆ ಬಂತು. ಆ ವರ್ಷ ವಲಸೆ ಅಧಿಕಾರಿಗಳು ನಡೆಸಿದ ದಾಳಿಗಳು, ಬಂಧನಗಳು, ಇಳಿಯದ ಬೆಲೆ, ಎಲ್ಲವೂ ಸೇರಿಯೇ ಇರಬೇಕು.

ಇಷ್ಟು ಹೇಳುವ ಹೊತ್ತಿಗೆ ಕಾಫಿ ಆರಿತ್ತು. ಮಾವ “ಹಾಗಾದ್ರೆ ಆ ಅಳಿಯ ಈಗ ಎಲ್ಲಿದ್ದಾನೆ?” ಅಂತ ಮಾತ್ರ ಕೇಳಿದರು.

ಇದ್ದಾರೆ. ಆದರೆ 2025ರ ಡಿಸೆಂಬರ್‌ನಲ್ಲಿ ತಮಾಲೆ ಮಾಡಲು ಬರಲಿಲ್ಲ. ನಗರದ ಆಚೆ ತುದಿಯಿಂದ ಅಷ್ಟು ದೂರ ಗಾಡಿ ಓಡಿಸಲು ಹೆದರಿಕೆ. ಸಂಜೆ ಅಜ್ಜಿ ಅವರ ಪಾಲಿನ ಮೂರು ಡಜನ್ ಎಣಿಸಿ, ಫಾಯಿಲ್ ಸುತ್ತಿ, ಮೇಲೊಂದು ಟವೆಲ್ ಹೊದಿಸಿದರು. ಲರೇಡೋದಿಂದ ರಜೆಗೆ ಬಂದಿದ್ದ ಗಡಿ ಕಾವಲಿನ ಮೊಮ್ಮಗ ಅದನ್ನು ತನ್ನ ಪಿಕಪ್‌ನ ಮುಂದಿನ ಸೀಟಿನಲ್ಲಿಟ್ಟು, ಉರುಳದಿರಲಿ ಅಂತ ಬೆಲ್ಟ್ ಹಾಕಿ, ಆ ಅಳಿಯನ ಮನೆಗೆ ಹೊರಟ.