ಗಿರಗಿರ ತಿರುಗುವ ರಬ್ಬರ್ ಮೀನು

ಮೀನು ಹಿಡಿಯಲು ಗಾಳಕ್ಕೆ ಹಾಕುವ ನನ್ನ ರಬ್ಬರ್ ಮೀನು ನೀರಲ್ಲಿ ಈಜುತ್ತಿರಲಿಲ್ಲ, ಬುಗುರಿಯ ಹಾಗೆ ತಿರುಗುತ್ತಿತ್ತು. ಇದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು. ಅಷ್ಟು ದಿನವೂ ನಾನು ಬಣ್ಣದ ಮೇಲೆ ತಪ್ಪು ಹಾಕುತ್ತಿದ್ದೆ. ಬಿಳಿ ಬಿಟ್ಟು ಕಂದು, ಕಂದು ಬಿಟ್ಟು ಹಸಿರು, ಹಸಿರಿಗೆ ಮಿಂಚು. ಮೀನು ಮಾತ್ರ ಒಂದೂ ಕಚ್ಚಲಿಲ್ಲ, ದಾರ ಸುರುಳಿ ಸುತ್ತಿಕೊಂಡು ಗಂಟಾಗುತ್ತಿತ್ತು. ಕೊನೆಗೆ ಜೊತೆಗಿದ್ದ ಗೆಳೆಯ, ‘ಲೋ, ದೂರ ಎಸೆದದ್ದು ಸಾಕು, ಕಾಲ ಬುಡದಲ್ಲಿ ಬಿಟ್ಟು ಎಳೆದು ನೋಡು’ ಅಂದ. ಮೊಣಕಾಲುದ್ದದ ತಿಳಿ ನೀರಲ್ಲಿ ಅದರ ಬಂಡವಾಳ ಬಯಲಾಯಿತು.

ತಪ್ಪಿದ್ದದ್ದು ಕೊಕ್ಕೆ ಚುಚ್ಚಿದ ರೀತಿಯಲ್ಲಿ. ನಾನು ಜಿಗ್ ಹೆಡ್ಡಿನ, ಅಂದರೆ ಸೀಸದ ತಲೆಯಿರುವ ಗಾಳದ, ಕೊಕ್ಕೆಯನ್ನು ಅಂದಾಜಿನಲ್ಲಿ ತೂರಿಸಿ, ಎಲ್ಲಿ ಬರುತ್ತದೋ ಅಲ್ಲಿ ಹೊರಗೆ ತೆಗೆಯುತ್ತಿದ್ದೆ. ಈಗ ಮೊದಲು ಕೊಕ್ಕೆಯನ್ನು ಮೀನಿನ ಪಕ್ಕದಲ್ಲಿ ಇಟ್ಟು ಅಳೆಯುತ್ತೇನೆ. ಸೀಸದ ತಲೆ ಮೀನಿನ ಮೂತಿಗೆ ತಾಗಿರಬೇಕು. ಕೊಕ್ಕೆ ಬಾಗುವ ಜಾಗ ಎಲ್ಲಿಗೆ ಬರುತ್ತದೋ ಅಲ್ಲಿ ಬೆನ್ನಿನ ಮೇಲೆ ಉಗುರಿನಿಂದ ಒಂದು ಗೀರು. ಆಮೇಲೆ ಮೂತಿಯ ನಟ್ಟನಡುವೆ ಚುಚ್ಚಿ, ದಾರಕ್ಕೆ ಮಣಿ ಪೋಣಿಸಿದಂತೆ ಮೈಯನ್ನು ಸ್ವಲ್ಪಸ್ವಲ್ಪವೇ ಕೊಕ್ಕೆಯ ಮೇಲೆ ಸರಿಸಬೇಕು, ಆ ಗೀರಿನಲ್ಲೇ ಮೊನೆ ಹೊರಬರಬೇಕು. ಬಹಳಷ್ಟು ರಬ್ಬರ್ ಮೀನುಗಳ ಬೆನ್ನಿನ ಮೇಲೆ ಅಚ್ಚಿನ ಗೆರೆಯೊಂದು ಇರುತ್ತದೆ. ಮೊನೆ ಆ ಗೆರೆ ಬಿಟ್ಟು ಆಚೀಚೆ ಬಂದರೆ ಕೆಲಸ ಕೆಟ್ಟಿತು ಅಂತಲೇ ಅರ್ಥ. ಮೈ ಎಲ್ಲೂ ಸುಕ್ಕುಗಟ್ಟಬಾರದು, ಬಿಗಿದು ಬಾಗಲೂ ಬಾರದು. ಕೂದಲೆಳೆಯಷ್ಟು ಸೊಟ್ಟಗಿದ್ದರೂ ತೆಗೆದು ಮತ್ತೆ ಚುಚ್ಚುತ್ತೇನೆ. ತೂತು ದೊಡ್ಡದಾಗಿ ಜಾರುತ್ತಿದ್ದರೆ ಮೂತಿಗೆ ಒಂದು ಹನಿ ಸೂಪರ್ ಗ್ಲೂ ಸಾಕು.

ಕೊಕ್ಕೆ ಉದ್ದ ಜಾಸ್ತಿಯಾದರೂ ಕಷ್ಟ. ಅದು ಬಾಲದ ಹತ್ತಿರದವರೆಗೆ ಹೋದರೆ ಮೈ ಕಡ್ಡಿಯಂತಾಗಿ ಬಾಲ ಅಲ್ಲಾಡುವುದೇ ಇಲ್ಲ. ಸೀಸದ ತಲೆಯ ತೂಕದ ವಿಷಯದಲ್ಲಿ ನಾನು ಜಿಪುಣ. ನಿಂತ ನೀರು, ಒಂದೆರಡು ಮೀಟರ್ ಆಳ ಅಂದರೆ 3.5 ಗ್ರಾಂ. ಆಳ ಅಥವಾ ಸೆಳೆತ ಇದ್ದರೆ 7 ಗ್ರಾಂ. ತಳ ತಲುಪಿದ್ದು ಕೈಗೆ ಗೊತ್ತಾಗುವಷ್ಟು ಭಾರ ಇದ್ದರೆ ಆಯ್ತು. ಭಾರ ಜಾಸ್ತಿಯಾದರೆ ಕಲ್ಲಿನ ಹಾಗೆ ಬೀಳುತ್ತದೆ, ಮೀನಿಗೆ ನೋಡಲು ಪುರುಸೊತ್ತೇ ಇರುವುದಿಲ್ಲ.

ಆ ಬೀಳುವ ಹೊತ್ತೇ ಮುಖ್ಯ. ನನ್ನ ಕೈಗೆ ಸಿಕ್ಕ ಮೀನುಗಳಲ್ಲಿ ಹೆಚ್ಚಿನವು ಕಚ್ಚಿದ್ದು ನಾನು ಎಳೆಯುವಾಗ ಅಲ್ಲ, ಸುಮ್ನೆ ಇದ್ದಾಗ. ಸಪೂರ ಬಾಲದ ರಬ್ಬರ್ ಮೀನಿಗೆ ಸ್ವಂತ ಕುಣಿತ ಇಲ್ಲ, ನಾವೇ ಕುಣಿಸಬೇಕು. ರಾಡ್ ತುದಿಯಿಂದ ಎರಡು ಚಿಕ್ಕ ಜಗ್ಗು, ಆಮೇಲೆ ತುದಿ ಇಳಿಸಿ, ಸಡಿಲವಾದ ದಾರ ಸುತ್ತಿಕೊಳ್ಳುತ್ತ ಅದನ್ನು ಬೀಳಲು ಬಿಡುವುದು. ಪೂರ್ತಿ ಬಿಗಿ ಹಿಡಿದರೆ ಅದು ಜೋಕಾಲಿಯಂತೆ ನಮ್ಮ ಕಡೆಗೇ ತೂಗಿ ಬರುತ್ತದೆ, ಪೂರ್ತಿ ಬಿಟ್ಟರೆ ಕಚ್ಚಿದ್ದು ತಿಳಿಯುವುದಿಲ್ಲ. ಕಣ್ಣು ದಾರದ ಮೇಲಿರಲಿ. ದಾರ ಚಿಮ್ಮಿದರೆ, ಪಕ್ಕಕ್ಕೆ ಸರಿದರೆ, ತಳ ಮುಟ್ಟುವ ಮೊದಲೇ ನಿಂತುಬಿಟ್ಟರೆ, ಕೂಡಲೇ ರಾಡ್ ಎತ್ತಿ.

ಪ್ಯಾಡಲ್ ಟೇಲ್, ಅಂದರೆ ದೋಣಿಯ ಹುಟ್ಟಿನಂಥ ಬಾಲದ್ದು, ಬೇರೆ ಜಾತಿ. ಅದು ತಾನೇ ಅಲ್ಲಾಡುತ್ತದೆ. ಅದಕ್ಕೆ ಜಗ್ಗಾಟ ಬೇಡ, ನಿಧಾನವಾಗಿ ಒಂದೇ ಸಮ ಸುತ್ತಿದರೆ ಸಾಕು. ಎಷ್ಟು ನಿಧಾನ ಅಂದರೆ, ಬಾಲದ ಬಡಿತ ರಾಡಿನಲ್ಲಿ ಇನ್ನೇನು ನಿಂತೇ ಹೋಗುತ್ತದೆ ಅನ್ನುವಷ್ಟು. ನಾನು ನಿಧಾನ ಅಂದುಕೊಂಡಿದ್ದರ ಅರ್ಧ ವೇಗ ಅದು!

ಜಿಗ್ ಹೆಡ್ಡಿಗೆ ಬಿಗಿ ಗಂಟು ಹಾಕುವುದನ್ನು ಬಿಟ್ಟು ಚಿಕ್ಕ ಕುಣಿಕೆ ಗಂಟು ಹಾಕುತ್ತಿದ್ದೇನೆ. ತಲೆ ಸಲೀಸಾಗಿ ಆಡುತ್ತದೆ. ಕಳೆ ಜಾಸ್ತಿ ಇರುವ ಕಡೆ ಜಿಗ್ ಹೆಡ್ ಬೇಡವೇ ಬೇಡ, ಟೆಕ್ಸಸ್ ರಿಗ್ ಮಾಡಿ, ಅಂದರೆ ಕೊಕ್ಕೆಯ ಮೊನೆ ಕಳೆಗೆ ಸಿಕ್ಕದಂತೆ ಅದನ್ನು ಮೈಯ ಸಿಪ್ಪೆಯೊಳಗೆ ಅಡಗಿಸಿ.

ಇನ್ನೊಂದು ಪೆಟ್ಟು ಡಬ್ಬಿಯಲ್ಲಿ ಬಿತ್ತು. ಬೇರೆ ಬೇರೆ ಪ್ಲಾಸ್ಟಿಕ್ಕಿನ ಮೀನುಗಳನ್ನು ಒಟ್ಟಿಗೆ ತುಂಬಿಟ್ಟಿದ್ದೆ. ಟಿಪಿಇ ಅನ್ನುವ, ಎಳೆದರೆ ಹಿಗ್ಗುವ ಪ್ಲಾಸ್ಟಿಕ್ಕಿನವು ಮಾಮೂಲಿ ಪಿವಿಸಿ (ವಿನೈಲ್) ಜಾತಿಯವಕ್ಕೆ ತಾಗಿ, ಎರಡೂ ಕರಗಿ ಅಂಟಾಗಿದ್ದವು. ಉಳಿದವುಗಳ ಬಾಲ ಡೊಂಕು. ಬಾಲ ಡೊಂಕಾದರೆ ಮೈ ಎಷ್ಟೇ ನೆಟ್ಟಗೆ ಚುಚ್ಚಿದರೂ ವ್ಯರ್ಥ. ಪುಣ್ಯಕ್ಕೆ ಪಿವಿಸಿ ಶಾಖಕ್ಕೆ ಬಗ್ಗುತ್ತದೆ. 1949ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಮನೆಯಲ್ಲೇ ವಿನೈಲ್ ಕಾಯಿಸಿ ಗಾಳಕ್ಕೆ ಹಾಕುವ ಮೆತ್ತನೆ ಹುಳ ಎರಕ ಹೊಯ್ದದ್ದೂ ಇದೇ ಗುಣ ನಂಬಿ ಅಲ್ವಾ? ಕುದಿಯುವ ನೀರಲ್ಲಿ ಕೆಲವು ಸೆಕೆಂಡು ಅದ್ದಿ, ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿದೆ. ಬಾಲಗಳೆಲ್ಲ ಸರಿಹೋದವು. ಆ ಎರಡು ತಿಂಗಳ ಹಳೆಯ ಮೀನುಗಳನ್ನೇ ಈಗಲೂ ಬಳಸುತ್ತಿದ್ದೇನೆ. ಮಿಂಚು ಹಾಕಿದ ಹಸಿರಿಗೆ ಮಾತ್ರ ಇವತ್ತಿನವರೆಗೂ ಏನೂ ಕಚ್ಚಿಲ್ಲ.