ಮಳೆಗೆ ಮುಂಚೆ ಹಂಚು, ಸೌದೆ, ಹಾರ್ಡ್ ಡಿಸ್ಕು

ಮೇ ತಿಂಗಳ ಕೊನೆಯ ವಾರ ನಮ್ಮ ಮನೆಯಲ್ಲಿ ಮೂರು ಕೆಲಸ ಕಡ್ಡಾಯ. ಒಡೆದ ಹಂಚು ಬದಲಾಯಿಸುವುದು, ಸೌದೆ ಒಳಗೆ ತುಂಬುವುದು, ಕಂಪ್ಯೂಟರಿನ ಹಾರ್ಡ್ ಡಿಸ್ಕ್ ನೋಡುವುದು. ಮೃಗಶಿರ ಮಳೆ ಹಿಡಿಯುವುದರೊಳಗೆ ಮೂರೂ ಮುಗಿದಿರಬೇಕು. ಮೂರನೆಯದು ಸೇರಿಕೊಂಡಿದ್ದು 2013ರ ನಂತರ.

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಊರು. ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾಗದ, ಸೊಸೈಟಿಯ ವಾರ್ಷಿಕ ವರದಿ, ಬಿಲ್ ಬುಕ್ಕು. ಅವೆಲ್ಲ ಹೋದರೆ ಇನ್ನೊಂದು ಸಲ ಟೈಪ್ ಮಾಡಿದರಾಯ್ತು. ಆದರೆ ಅಪ್ಪಯ್ಯನ ದನಿಯನ್ನು ಎಲ್ಲಿಂದ ತರಲಿ? ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಅವರ 61 ಕ್ಯಾಸೆಟ್ಟುಗಳನ್ನು ಎರಡು ಬೇಸಿಗೆ ಕೂತು ಕಂಪ್ಯೂಟರಿಗೆ ಇಳಿಸಿದ್ದೆ. 90 ನಿಮಿಷದ ಒಂದು ಕ್ಯಾಸೆಟ್ಟು ವೇವ್ ಫೈಲಾದರೆ ಸುಮಾರು 900 ಎಂಬಿ. ಎಲ್ಲ ಸೇರಿ 55 ಜಿಬಿ ಹತ್ತಿರ. ಇದ್ದಿದ್ದು ಒಂದೇ ಡಿಸ್ಕಿನಲ್ಲಿ.

ಆ ವರ್ಷ ಪುಷ್ಯ ಮಳೆ ಜೋರಾಗಿತ್ತು. ಒಂದು ಸಂಜೆ ಹತ್ತು ನಿಮಿಷದಲ್ಲಿ ಐದು ಸಲ ಕರೆಂಟು ಹೋಗಿ ಬಂತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳುಗಳಾಗಿದ್ದವು. ಐದನೇ ಸಲ ಕಂಪ್ಯೂಟರ್ ಎದ್ದಾಗ ಒಳಗಿಂದ ಶಬ್ದ ಬಂತು. ಟಕ್. ಟಕ್. ಟಕ್. ಹಲ್ಲಿ ಲೊಚಗುಟ್ಟಿದ ಹಾಗೆ, ಆದರೆ ಅಳೆದಿಟ್ಟಂತೆ ಒಂದೇ ಅಂತರದಲ್ಲಿ. ಒಳಗೆ ತಟ್ಟೆಯ ಮೇಲೆ ಓದುವ, ಬರೆಯುವ ಹೆಡ್ಡು ತನ್ನ ಜಾಗ ಹುಡುಕುತ್ತಿತ್ತು, ಸಿಗದೆ ವಾಪಸ್ ಹೋಗುತ್ತಿತ್ತು, ಮತ್ತೆ ಹುಡುಕುತ್ತಿತ್ತು. ಕಿವಿ ಇಟ್ಟು ಕೇಳುತ್ತಾ ನೆಲದ ಮೇಲೆ ಕೂತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು "ಅಪ್ಪಯ್ಯಂದು ಅದ್ರಲ್ಲೇ ಇತ್ತನಾ?" ಎಂದು ಕೇಳಿದರು. ನನಗೆ ಉತ್ತರ ಕೊಡಲು ಆಗಲಿಲ್ಲ.

ಡಿಸ್ಕಿನಿಂದ ಫೈಲು ತೆಗೆದುಕೊಡುವವರು ಕೇಳಿದ ದುಡ್ಡು ನನ್ನ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಅಟ್ಟದ ಟ್ರಂಕಿನಿಂದ ಕ್ಯಾಸೆಟ್ಟು ಇಳಿಸಿದೆ. 52 ಮತ್ತೆ ಸಿಕ್ಕವು. ಒಂಬತ್ತಕ್ಕೆ ಬೂಷ್ಟು ಹಿಡಿದು ಟೇಪು ಅಂಟಿಕೊಂಡಿತ್ತು. ಅಪ್ಪಯ್ಯ ಕರ್ಣನ ಅರ್ಥ ಹೇಳಿದ ರಾತ್ರಿ ಆ ಒಂಬತ್ತರಲ್ಲಿ ಇತ್ತು.

ಸೂಚನೆ ಬಂದಿತ್ತು ಎನ್ನುವುದೇ ನನಗೆ ಇವತ್ತಿಗೂ ಸಂಕಟ. ಎರಡು ವಾರ ಮೊದಲು ಒಂದು ಫೈಲ್ ಕಾಪಿ ಆಗುವಾಗ ಅರ್ಧಕ್ಕೆ ನಿಂತು, ಆಮೇಲೆ ಮುಂದುವರಿದಿತ್ತು. ಸುಮ್ನೆ ಬಿಟ್ಟೆ. ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತವೆ. ಅಂಚಿನ ವೇಗ ಗಂಟೆಗೆ 120 ಕಿಲೋಮೀಟರ್ ಆಸುಪಾಸು. ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹೆಡ್ಡು ತೇಲುತ್ತಿರುತ್ತದೆ. ಇದು ಗೊತ್ತಾದ ಮೇಲೆ, ಆನ್ ಇರುವ ಕ್ಯಾಬಿನೆಟ್ಟನ್ನು ಕಾಲಲ್ಲಿ ಸರಿಸುವವರನ್ನು ಕಂಡರೆ ನನಗೆ ಜೀವ ಹೋದಂತಾಗುತ್ತದೆ. ಈಗ ನನ್ನದು ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲಿದೆ. ನೆಲ ಒರೆಸುವ ನೀರೂ ತಾಗುವುದಿಲ್ಲ, ಮಕ್ಕಳ ಕಾಲೂ ತಾಗುವುದಿಲ್ಲ.

ನೋಡುವುದು ಅಂದರೆ ಏನು ನೋಡುವುದು? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ಪ್ರೋಗ್ರಾಮ್ ಇದೆ. ಡಿಸ್ಕು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಲೆಕ್ಕವನ್ನು ಅದು ತೋರಿಸುತ್ತದೆ. ಸಂಖ್ಯೆಗಳು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ಇರುತ್ತವೆ, ಫಂಕ್ಷನ್ ಮೆನುವಿನಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಿ. ನಾನು ಮುಖ್ಯವಾಗಿ ನೋಡುವುದು 05, ಸಿ5, ಸಿ6 ಸಾಲುಗಳನ್ನು. 05 ಅಂದರೆ ಕೆಟ್ಟು ಹೋಗಿ, ಬದಲಿ ಜಾಗ ಕೊಟ್ಟ ಸೆಕ್ಟರುಗಳು (ತಟ್ಟೆಯ ಮೇಲಿನ ಪುಟ್ಟ ಪುಟ್ಟ ಭಾಗಗಳು). ಸಿ5 ಅಂದರೆ ಓದಲು ತಿಣುಕುತ್ತಿರುವ, ಇನ್ನೂ ತೀರ್ಮಾನವಾಗದ ಸೆಕ್ಟರುಗಳು. ಸಿ6 ಅಂದರೆ ಡಿಸ್ಕು ತಾನೇ ಪರೀಕ್ಷೆ ಮಾಡಿಕೊಂಡಾಗ ಸರಿಪಡಿಸಲಾಗದೆ ಉಳಿದವು. ಮೂರೂ ಸೊನ್ನೆ ಇದ್ದರೆ ನೆಮ್ಮದಿ. ಸೀಗೇಟ್ ಡಿಸ್ಕಿನಲ್ಲಿ 01 ಮತ್ತು 07ರ ಎದುರು ಕೋಟಿಗಟ್ಟಲೆ ಸಂಖ್ಯೆ ಕಾಣುತ್ತದೆ. ಅದು ಆ ಕಂಪನಿ ಲೆಕ್ಕ ಇಡುವ ರೀತಿ, ಗಾಬರಿ ಬೇಡ. ಡಿಸ್ಕು ಮತ್ತು ಕಂಪ್ಯೂಟರಿನ ನಡುವೆ ಸಾಗುವಾಗ ಆದ ತಪ್ಪು ಎಣಿಸುವ ಸಿ7 ಒಂದೇ ಏರುತ್ತಿದ್ದರೆ ಹೆಚ್ಚಾಗಿ ಡಿಸ್ಕಿನ ತಪ್ಪಲ್ಲ, ಕೇಬಲ್ಲಿನದು. ಪಕ್ಕದ ಮನೆ ಹುಡುಗ ಎಸೆಯಲು ಹೊರಟಿದ್ದ ಡಿಸ್ಕಿಗೆ ಹೊಸ ಸಾಟಾ ಕೇಬಲ್ ಹಾಕಿದೆ. ನಾಲ್ಕು ವರ್ಷವಾಯ್ತು, ಓಡುತ್ತಿದೆ.

ಸಿ5ನಲ್ಲಿ ಸಂಖ್ಯೆ ಕಂಡ ದಿನ ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಬೇಡಿ, ಚದುರಿದ ಫೈಲ್ ತುಂಡುಗಳನ್ನು ಒಟ್ಟುಮಾಡುವ ಡಿಫ್ರಾಗ್ ಅಂತೂ ಮಾಡಲೇಬೇಡಿ. ಸುಸ್ತಾದ ಡಿಸ್ಕನ್ನು ಮೂಲೆಮೂಲೆ ಉಜ್ಜಿ ಓದಿಸಿದರೆ ಉಳಿದಿದ್ದೂ ಹೋಗಬಹುದು. ಮೊದಲು ಬೇಕಾದ್ದನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಗೂಗಲ್ ಕಂಪನಿಯವರು ತಮ್ಮ 1 ಲಕ್ಷಕ್ಕೂ ಜಾಸ್ತಿ ಡಿಸ್ಕುಗಳನ್ನು ನೋಡಿ 2007ರಲ್ಲಿ ವರದಿ ಕೊಟ್ಟಿದ್ದರು. ತನ್ನ ತಟ್ಟೆಯನ್ನು ತಾನೇ ಪರೀಕ್ಷಿಸುವಾಗ ಮೊದಲ ದೋಷ (ಸ್ಕ್ಯಾನ್ ದೋಷ) ಕಂಡ ಡಿಸ್ಕು ಮುಂದಿನ 60 ದಿನದಲ್ಲಿ ಕೆಡುವ ಸಾಧ್ಯತೆ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಜಾಸ್ತಿ ಎಂದು ಅದರಲ್ಲಿದೆ. ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್ ಲೆಕ್ಕದ ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಕೆಟ್ಟಿದ್ದವು ಎಂದೂ ಇದೆ. ಅದಕ್ಕೇ ಎಲ್ಲ ಸೊನ್ನೆ ಇದ್ದರೂ ನಾನು ಕಾಪಿ ತಪ್ಪಿಸುವುದಿಲ್ಲ. ಬಿಸಿಯನ್ನು ಜನ ಅಂದುಕೊಂಡಷ್ಟು ದೂರಬೇಕಿಲ್ಲ ಎಂಬುದೂ ಅದೇ ವರದಿಯಲ್ಲಿ ಬಂದ ಮಾತು. ನನ್ನದು 35ರಿಂದ 40 ಡಿಗ್ರಿಯಲ್ಲಿ ಇರುತ್ತದೆ, ಅಷ್ಟು ಸಾಕು.

ನಮ್ಮ ಕಡೆ ನಿಜವಾದ ಕಾಟ ಕರೆಂಟಿನದು. ಕರೆಂಟು ತಟ್ಟನೆ ಹೋದಾಗ, ತಿರುಗುತ್ತಿರುವ ತಟ್ಟೆಯ ಬಲದಿಂದಲೇ ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುವ ಏರ್ಪಾಡು ಡಿಸ್ಕಿನಲ್ಲಿದೆ. ಆದರೆ ಅದು ತುರ್ತಿನ ಎಳೆತ, ಮಾಮೂಲಿ ಶಟ್‌ಡೌನ್‌ನಷ್ಟು ಮೆತ್ತಗಿರುವುದಿಲ್ಲ. ಬರೆಯುತ್ತಿದ್ದ ಫೈಲೂ ಅರ್ಧಕ್ಕೆ ತುಂಡಾಗುತ್ತದೆ. ಈಗ ಮೂರು ತಿಂಗಳಿಗೊಮ್ಮೆ ಯುಪಿಎಸ್ ಪ್ಲಗ್ ಕಿತ್ತು ಬ್ಯಾಟರಿ ತಡೆಯುತ್ತದಾ ಎಂದು ನೋಡುತ್ತೇನೆ. ಮನೆಯಲ್ಲಿ ಇನ್ವರ್ಟರ್ ಇದ್ದವರು ಹಿಂದಿನ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆಫ್ ಆಗಬಹುದು. ಗುಡುಗು ಶುರುವಾದರೆ ಕರೆಂಟಿನ ಪ್ಲಗ್ಗಿನ ಜೊತೆ ಇಂಟರ್ನೆಟ್ ಕೇಬಲ್ಲನ್ನೂ ಕೀಳಬೇಕು. ಸಿಡಿಲು ಅದರಲ್ಲೂ ಒಳಗೆ ಬರುತ್ತದೆ.

ಇನ್ನು ಥಂಡಿ. ಹಳೆಯ ಡಿಸ್ಕನ್ನು ಕೈಯಲ್ಲಿ ಹಿಡಿದು ನೋಡಿ. ಮೇಲೆ ಒಂದು ಪುಟ್ಟ ತೂತು, ಪಕ್ಕದಲ್ಲಿ ಇದನ್ನು ಮುಚ್ಚಬೇಡಿ ಎಂಬ ಇಂಗ್ಲಿಷ್ ಬರಹ. ಒಳಗೆ ಫಿಲ್ಟರ್ ಇದೆ, ಡಿಸ್ಕು ಅದರ ಮೂಲಕ ಉಸಿರಾಡುತ್ತದೆ. ಹೀಲಿಯಂ ತುಂಬಿದ ದೊಡ್ಡ ಡಿಸ್ಕುಗಳಿಗೆ ಆ ತೂತು ಇರುವುದಿಲ್ಲ. ದಿನಾ ಓಡುವ ಡಿಸ್ಕು ತನ್ನ ಬಿಸಿಗೆ ತಾನೇ ಒಣಗಿಕೊಳ್ಳುತ್ತದೆ. ಬೀರುವಿನಲ್ಲಿ ಮಳೆಗಾಲವಿಡೀ ಇಟ್ಟಿದ್ದರದ್ದೇ ಚಿಂತೆ. ಅದನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿಡುತ್ತೇನೆ. ಹೊರಗೆ ತೆಗೆದ ಕೂಡಲೇ ಸಿಕ್ಕಿಸುವುದಿಲ್ಲ, ಒಂದೆರಡು ಗಂಟೆ ಕೋಣೆಯಲ್ಲಿ ಬಿಡುತ್ತೇನೆ.

ಈಗ ಅಪ್ಪಯ್ಯನ ದನಿ ಮೂರು ಕಡೆ ಇದೆ. ಕಂಪ್ಯೂಟರಿನಲ್ಲಿ ಒಂದು, ಡಬ್ಬಿಯಲ್ಲಿ ಒಂದು, ಶಿವಮೊಗ್ಗದಲ್ಲಿ ಅಕ್ಕನ ಮನೆಯಲ್ಲಿ ಒಂದು. ದೀಪಾವಳಿಗೆ ಅಕ್ಕ ಬರುವಾಗ ಅವಳ ಡಿಸ್ಕು ತರುತ್ತಾಳೆ, ಹೋಗುವಾಗ ಡಬ್ಬಿಯದ್ದನ್ನು ಒಯ್ಯುತ್ತಾಳೆ. ಎರಡರಲ್ಲೂ ಫೈಲ್ ತೆರೆದು ಕೇಳುತ್ತೇನೆ. ಹೆಸರು ಕಂಡರೆ ಸಾಲದು, ಶಬ್ದ ಬರಬೇಕು.

ಕಂಪ್ಯೂಟರಿನ ಈಗಿನ ಡಿಸ್ಕು 2019ರದ್ದು. 14,000 ಗಂಟೆ ದಾಟಿದೆ, ಮೂರೂ ಸಾಲು ಸೊನ್ನೆ. ಆದರೂ ಈ ದೀಪಾವಳಿಗೆ ಹೊಸದು ತರುತ್ತೇನೆ. ಮೊನ್ನೆ ಪರೀಕ್ಷೆಗೆಂದು 23ನೇ ಕ್ಯಾಸೆಟ್ಟಿನ ಫೈಲು ತೆರೆದೆ. ಭಾಗವತರು ಪದ ಮುಗಿಸಿದರು. ಅಪ್ಪಯ್ಯ ಮಾತು ಶುರು ಮಾಡುವ ಮೊದಲು ಒಂದು ಸಲ ಕೆಮ್ಮಿದರು. ಹಿಂದೆ ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಅಮ್ಮ ಒಳಗಿಂದ ಬಂದು ಕುರ್ಚಿ ಎಳೆದುಕೊಂಡು ಕೂತರು.